ಭಜನೆ ಬರುತ್ತದೆ, ‘ನೀರು’ ಬರುವುದಿಲ್ಲ: ಸ್ಟ್ರೋಕ್ ಆದವರಿಗೆ ಮನೆಯಲ್ಲೇ ಮಾತು, ಕೈ ಅಭ್ಯಾಸ

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಹಳ್ಳಿ, ಸಣ್ಣ ಕಾಫಿ ತೋಟ. ಮಾವನವರಿಗೆ 64 ವರ್ಷ. ಐದು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋಯಿತು, ಮಾತು ನಿಂತಿತು. ಈಗ ಕೋಲು ಹಿಡಿದು ಓಡಾಡುತ್ತಾರೆ, ಆದರೆ ಬಲಗೈ ಸದಾ ಮುಷ್ಟಿ ಕಟ್ಟಿದ ಹಾಗೇ ಇರುತ್ತದೆ. ಏನು ಕೇಳಿದರೂ ‘ಅದೇ, ಅದೇ’ ಎನ್ನುತ್ತಾರೆ. ಶನಿವಾರ ಭಜನೆಗೆ ಕೂತರೆ ಮಾತ್ರ ಇಡೀ ಪದ ಹಾಡುತ್ತಾರೆ, ಸಿಟ್ಟು ಬಂದರೆ ಬೈಗುಳವೂ ಸ್ಪಷ್ಟ. ಬೇಕೆಂದೇ ಮಾತಾಡುತ್ತಿಲ್ಲ ಎನ್ನುವ ನೆಂಟರಿದ್ದಾರೆ. ಅತ್ತೆ ದಿನಾ ಬಜೆ ತೇಯ್ದು ಜೇನಿನಲ್ಲಿ ನಾಲಿಗೆಗೆ ಹಚ್ಚುತ್ತಾರೆ. ನನ್ನ ಮಗ ಸ್ಲೇಟಿನಲ್ಲಿ ಅ, ಆ ತಿದ್ದಿಸಲು ಹೋದರೆ ತಳ್ಳಿಬಿಡುತ್ತಾರೆ. ಕೈಗೆ ಸ್ಪಂಜಿನ ಚೆಂಡು ಕೊಟ್ಟಿದ್ದೇವೆ, ಹಗಲೆಲ್ಲ ಒತ್ತುತ್ತಾರೆ. ತಿಂಗಳಿಗೆ ಎರಡು ಸಲ ಹಾಸನಕ್ಕೆ ಥೆರಪಿಗೆ ಹೋಗುತ್ತೇವೆ, ಹೋಗಿ ಬರುವುದಕ್ಕೇ ದಿನ ಮುಗಿಯುತ್ತದೆ. ಆನ್‌ಲೈನಿನಲ್ಲಿ ಚಿತ್ರದ ಕಾರ್ಡು, ಚೆಂಡು, ಜೇಡಿಯಂಥ ವಸ್ತುಗಳ ಥೆರಪಿ ಕಿಟ್ ಸಿಗುತ್ತದೆ, ಕೊಳ್ಳಬಹುದೇ? ಆರು ತಿಂಗಳು ದಾಟಿದರೆ ಇನ್ನೇನೂ ಸುಧಾರಿಸುವುದಿಲ್ಲ ಎನ್ನುವುದು ನಿಜವೇ? ಇನ್ನೊಂದು ಮರೆತಿದ್ದೆ: ನೀರು, ಕಾಫಿ ಕುಡಿಯುವಾಗ ಕೆಮ್ಮು ಬರುತ್ತದೆ.

ಉತ್ತರ: ನೀವು ಮರೆತು ಕೊನೆಗೆ ಸೇರಿಸಿದ ಸಾಲನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಮಾತು, ಕೈ ಎರಡೂ ಒಂದು ವಾರ ತಡವಾದರೂ ನಡೆಯುತ್ತದೆ, ಕೆಮ್ಮು ಕಾಯುವುದಿಲ್ಲ.

ಸ್ಟ್ರೋಕ್ ಆದವರಿಗೆ ನೀರು ಕುಡಿಯುವಾಗ ಕೆಮ್ಮು ಬರುತ್ತದೆ ಎಂದರೆ ನೀರು ಅನ್ನನಾಳ ಬಿಟ್ಟು ಶ್ವಾಸನಾಳದ ಕಡೆ ಇಳಿಯುತ್ತಿರಬಹುದು ಎಂದರ್ಥ. ನೀರು ಬಾಯಿಗೆ ಬಿದ್ದ ಕೂಡಲೇ ಜಾರಿ ಓಡುತ್ತದೆ. ಗಂಟಲು ಶ್ವಾಸನಾಳದ ಬಾಗಿಲು ಮುಚ್ಚುವುದು ಅರೆಕ್ಷಣ ತಡವಾದರೂ ಅದು ಒಳಗೆ ಹೋಗಿರುತ್ತದೆ. ಅನ್ನ ಕೆಮ್ಮಿಲ್ಲದೆ ಇಳಿದು ನೀರಿಗೆ ಮಾತ್ರ ಕೆಮ್ಮು ಬರುವುದು ಇದಕ್ಕೇ. ಹೀಗೆ ಒಳಗೆ ಹೋದದ್ದು ನ್ಯುಮೋನಿಯಾ ತರಬಹುದು. ಕೆಲವರಿಗೆ ಕೆಮ್ಮೂ ಬರದೆ ಸದ್ದಿಲ್ಲದೆ ಇಳಿಯುತ್ತದೆ. ಅದಕ್ಕೇ ಕೆಮ್ಮು ನಿಂತಿತು ಎಂದ ಮಾತ್ರಕ್ಕೆ ಸರಿಹೋಯಿತು ಎಂದುಕೊಳ್ಳಬೇಡಿ. ಮುಂದಿನ ಸಲ ಹಾಸನಕ್ಕೆ ಹೋದಾಗ ‘ನುಂಗುವುದನ್ನು ಪರೀಕ್ಷೆ ಮಾಡಿ’ ಎಂದು ಬಾಯಿಬಿಟ್ಟು ಕೇಳಿ. ಸ್ಪೀಚ್ ಥೆರಪಿಸ್ಟ್ ಕೆಲಸದಲ್ಲಿ ನುಂಗುವುದೂ ಸೇರಿದೆ, ಎಷ್ಟೋ ಮನೆಯವರಿಗೆ ಅದು ಗೊತ್ತೇ ಇರುವುದಿಲ್ಲ.

ಅಲ್ಲಿಯವರೆಗೆ ಆರಾಮ ಕುರ್ಚಿಯಲ್ಲಿ ಒರಗಿಸಿ ಏನನ್ನೂ ಕುಡಿಸಬೇಡಿ. ಗಟ್ಟಿ ಕುರ್ಚಿ, ಬೆನ್ನು ನೆಟ್ಟಗೆ, ಎರಡೂ ಪಾದ ನೆಲಕ್ಕೆ. ಟಿವಿ ಆಫ್. ಲೋಟ ಎತ್ತಿ ಗಟಗಟ ಕುಡಿಯುವುದು ಬೇಡ, ಒಂದು ಟೀ ಚಮಚದಷ್ಟು ಕೊಟ್ಟು ಗಂಟಲ ಗಂಟು ಮೇಲೆ ಹೋಗಿ ಇಳಿದದ್ದನ್ನು ಕಣ್ಣಾರೆ ನೋಡಿದ ಮೇಲೆ ಮುಂದಿನದು. ನಾಲ್ಕೈದು ಚಮಚಕ್ಕೊಮ್ಮೆ ‘ಆ’ ಎನ್ನಿಸಿ. ದನಿ ಗೊರಗೊರ ಎಂದರೆ ಗಂಟಲಲ್ಲಿ ಏನೋ ಉಳಿದಿದೆ, ಕೆಮ್ಮಿಸಿ, ಮತ್ತೊಮ್ಮೆ ಬರಿದೇ ನುಂಗಿಸಿ. ಬಲಕೆನ್ನೆಯೊಳಗೆ ಅನ್ನ ಸಿಕ್ಕಿಕೊಂಡಿರುವುದು ಅವರಿಗೆ ತಿಳಿಯದೇ ಇರಬಹುದು, ಊಟವಾದ ಮೇಲೆ ಟಾರ್ಚ್ ಹಾಕಿ ನೋಡಿ. ಊಟದ ನಂತರ ಅರ್ಧ ಗಂಟೆ ಮಲಗುವಂತಿಲ್ಲ. ರಾತ್ರಿ ಹಲ್ಲುಜ್ಜಿಸುವುದನ್ನು ಬಿಡಲೇಬೇಡಿ. ಎಂಜಲು ಒಳಗೆ ಇಳಿದರೂ ಅದರ ಜೊತೆ ಹೋಗುವ ರೋಗಾಣು ಕಡಿಮೆಯಿರಲಿ ಎಂಬುದು ಲೆಕ್ಕ. ‘ಗದ್ದ ಎದೆಗೆ ಒತ್ತಿ ನುಂಗಿ’ ಎಂದು ಯಾರಾದರೂ ಹೇಳಿದರೆ ಪರೀಕ್ಷೆಗೆ ಮುಂಚೆ ಮಾಡಿಸಬೇಡಿ. ಕೆಲವರಿಗೆ ಅದು ಸಹಾಯ ಮಾಡುತ್ತದೆ, ಎಲ್ಲರಿಗೂ ಅಲ್ಲ.

ದ್ರವವನ್ನು ಮಂದ ಮಾಡಿ ಕೊಡಿ ಎಂದು ಥೆರಪಿಸ್ಟ್ ಹೇಳಿದರೆ ‘ಎಷ್ಟು ಮಂದ’ ಎಂಬುದನ್ನೂ ಕೇಳಿ ಬರೆದುಕೊಳ್ಳಿ. ಅಂದಾಜಿನ ಮೇಲೆ ಮಾಡಿದರೆ ಒಂದು ದಿನ ನೀರು, ಮರುದಿನ ಗಾರೆ. 10 ಮಿ.ಲೀ. ಸಿರಿಂಜಿನಲ್ಲಿ ಅಳೆಯುವ ಕ್ರಮವೊಂದಿದೆ: ಒಳಗಿನ ದಂಡ ತೆಗೆದು, ತುದಿಯನ್ನು ಬೆರಳಿನಿಂದ ಮುಚ್ಚಿ, 10ರ ಗೆರೆಯವರೆಗೆ ತುಂಬಿಸಿ, ಬೆರಳು ತೆಗೆದು ಸರಿಯಾಗಿ 10 ಸೆಕೆಂಡಿಗೆ ಮತ್ತೆ ಮುಚ್ಚಿ. 1ರಿಂದ 4 ಮಿ.ಲೀ. ಉಳಿದರೆ ಒಂದನೇ ಹಂತ, 4ರಿಂದ 8 ಉಳಿದರೆ ಎರಡನೆಯದು, 8ಕ್ಕಿಂತ ಹೆಚ್ಚು ಉಳಿದರೆ ಮೂರನೆಯದು. ಸಿರಿಂಜಿನಲ್ಲಿ ಸೊನ್ನೆಯಿಂದ 10ರ ಗೆರೆಯವರೆಗಿನ ಉದ್ದ 61.5 ಮಿ.ಮೀ. ಇರಬೇಕು, ಬೇರೆ ಅಳತೆಯದಾದರೆ ಲೆಕ್ಕ ತಪ್ಪುತ್ತದೆ. ರಾಗಿ ಗಂಜಿಯನ್ನು ಸೋಸಿಯೇ ಅಳೆಯಿರಿ, ಅದೂ ಕುಡಿಯುವಷ್ಟೇ ಬಿಸಿಯಿರುವಾಗ, ಏಕೆಂದರೆ ಆರಿದಂತೆ ಅದು ಗಟ್ಟಿಯಾಗುತ್ತಾ ಹೋಗುತ್ತದೆ. ಮನೆಗಳಲ್ಲಿ ಆಗುವ ಇನ್ನೊಂದು ತಪ್ಪು: ಬಾಯಿಗಿಟ್ಟ ಚಮಚವನ್ನೇ ಮತ್ತೆ ಬಟ್ಟಲಿಗೆ ಅದ್ದುವುದು. ಜೊಲ್ಲಿನಲ್ಲಿರುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಮೊದಲು ಮಂದವಾಗಿದ್ದ ಗಂಜಿ ಕೊನೆಯ ಚಮಚಗಳ ಹೊತ್ತಿಗೆ ನೀರಾಗಿರುತ್ತದೆ, ಕೆಮ್ಮೂ ಆಗಲೇ ಬರುತ್ತದೆ. ಕುಡಿಸುವ ಪಾಲನ್ನು ಸಣ್ಣ ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಹಾಕಿಕೊಳ್ಳಿ. ಇನ್ನೊಂದು ಕಡೆಯ ಅಪಾಯವೂ ಇದೆ. ಮಂದ ದ್ರವ ರುಚಿಸದೆ ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಮೂತ್ರ ಹಳದಿಯಾಗುತ್ತದೆ, ಸುಸ್ತು ಹೆಚ್ಚುತ್ತದೆ. ದಿನಕ್ಕೆ ಎಷ್ಟು ಹೋಯಿತು ಎಂದು ಬರೆದಿಡಿ.

ತಿನ್ನುವುದರಲ್ಲಿ ಚೆನ್ನಾಗಿ ಕಿವುಚಿದ ಮೊಸರನ್ನ ಸುಲಭ. ತಿಳಿಸಾರಿನ ಅನ್ನ ಕಷ್ಟ, ಏಕೆಂದರೆ ಅಗುಳು ಬಾಯಲ್ಲಿರುವಾಗಲೇ ಸಾರು ಗಂಟಲಿಗೆ ಓಡಿರುತ್ತದೆ. ಒಣಗಿದ ಅಕ್ಕಿರೊಟ್ಟಿ ಪುಡಿಪುಡಿಯಾಗಿ ಚದುರುತ್ತದೆ. ಮುದ್ದೆಯನ್ನು ನಾವು ಅಗಿಯದೆ ನುಂಗುವವರು, ಪರೀಕ್ಷೆಯಾಗುವ ತನಕ ಅದು ಬೇಡ.

ಬಜೆಯ ವಿಷಯ. ಮಗುವಿಗೆ ಮಾತು ಬರಲೆಂದು ಬಜೆ ತೇಯ್ದು ನಾಲಿಗೆಗೆ ಹಚ್ಚುವುದು ನಮ್ಮಲ್ಲಿ ಹಳೆಯ ರೂಢಿ, ಅತ್ತೆಯವರು ಪ್ರೀತಿಯಿಂದಲೇ ಮಾಡುತ್ತಿದ್ದಾರೆ. ಆದರೆ ಮಾವನವರ ನಾಲಿಗೆಗೆ ಏನೂ ಆಗಿಲ್ಲ. ಅದಕ್ಕೆ ಪುರಾವೆ ನಿಮ್ಮ ಮನೆಯಲ್ಲೇ ಇದೆ: ಶನಿವಾರ ಹಾಡುವಾಗ ‘ಳ’, ‘ಣ’, ‘ರ’ ಸರಿಯಾಗಿ ಬರುತ್ತವೆಯೇ ಕೇಳಿಸಿಕೊಳ್ಳಿ. ಅಷ್ಟು ಮಡಚಿ ಹೊರಳುವ ನಾಲಿಗೆಗೆ ‘ನೀರು’ ಎನ್ನುವುದು ಭಾರವಲ್ಲ. ಮೇಣದಬತ್ತಿ ಊದಿಸುವುದು, ಪೀಪಿ ಊದಿಸುವುದು, ನಾಲಿಗೆ ಹೊರಚಾಚಿಸುವುದು ಇವೂ ಇದೇ ಗುಂಪಿನವು. ಊದಿದರೆ ಊದುವುದು ಚೆನ್ನಾಗಿ ಬರುತ್ತದೆ, ಮಾತಲ್ಲ. ಮೇಲಾಗಿ ಬಜೆಯಲ್ಲಿರುವ ಬೀಟಾ ಅಸರೋನ್ ಎಂಬ ಅಂಶದ ಕಾರಣ ಅಮೆರಿಕದಲ್ಲಿ 1968ರಲ್ಲೇ ಆಹಾರದಲ್ಲಿ ಅದರ ಬಳಕೆ ನಿಷೇಧವಾಯಿತು. ಅಂಟು ಜೇನಿನ ಜೊತೆ ಅದು ನುಂಗಲಾಗದವರ ಗಂಟಲಲ್ಲಿ ನಿಲ್ಲುವುದು ಬೇರೆ. ಅತ್ತೆಯವರಿಗೆ ‘ಬೇಡ’ ಎಂದಷ್ಟೇ ಹೇಳಿದರೆ ನೊಂದುಕೊಳ್ಳುತ್ತಾರೆ, ಅವರಿಗೆ ಕೆಳಗೆ ಇನ್ನೊಂದು ಕೆಲಸ ಕೊಟ್ಟಿದ್ದೇನೆ.

ಹಾಗಾದರೆ ಭಜನೆ ಹೇಗೆ ಬರುತ್ತದೆ? ಬಲಗೈ ಬಿದ್ದಿದೆ ಎಂದರೆ ಪೆಟ್ಟಾಗಿರುವುದು ಮಿದುಳಿನ ಎಡಭಾಗಕ್ಕೆ. ಬಹುಪಾಲು ಜನರಲ್ಲಿ ಹೊಸದಾಗಿ ಮಾತು ಕಟ್ಟುವ ಕೆಲಸ ಅಲ್ಲೇ ನಡೆಯುವುದು. ಸಾವಿರ ಸಲ ಹೇಳಿ ಬಾಯಿಪಾಠವಾದದ್ದು, ಅಂದರೆ ಭಜನೆ, ಒಂದರಿಂದ ಹತ್ತು, ವಾರದ ಹೆಸರು, ಬೈಗುಳ ಇವು ಪದ ಹುಡುಕಿ ಕಟ್ಟಿದ ಮಾತಲ್ಲ, ಸರಪಳಿಯ ಹಾಗೆ ಒಂದು ಕೊಂಡಿ ಎಳೆದರೆ ಉಳಿದದ್ದು ತಾನಾಗಿ ಬರುತ್ತದೆ. ‘ನೀರು’ ಎಂಬ ಒಂದೇ ಪದವನ್ನು ಬೇಕೆಂದಾಗ ಹೆಕ್ಕುವುದು ಬೇರೆ ಕೆಲಸ, ಕೆಟ್ಟಿರುವುದು ಅದು. ಇದಕ್ಕೆ ಅಫೇಸಿಯಾ ಎನ್ನುತ್ತಾರೆ. 1861ರಲ್ಲಿ ಫ್ರೆಂಚ್ ವೈದ್ಯ ಪಾಲ್ ಬ್ರೋಕಾ ಮೊದಲು ವಿವರಿಸಿದ ರೋಗಿ ಏನು ಕೇಳಿದರೂ ‘ಟಾನ್, ಟಾನ್’ ಎನ್ನುತ್ತಿದ್ದ, ನಿಮ್ಮ ಮಾವನವರ ‘ಅದೇ, ಅದೇ’ ಹಾಗೆಯೇ. ನಾಟಕವಲ್ಲ, ಹಟವಲ್ಲ. ಬುದ್ಧಿಯೂ ಹೋಗಿಲ್ಲ. ನೆಂಟರು ಅವರೆದುರೇ ಆಡಿಕೊಳ್ಳುವ ಮಾತಿನಲ್ಲಿ ಬಹಳಷ್ಟು ಅವರಿಗೆ ಅರ್ಥವಾಗುತ್ತಿದೆ ಎಂದೇ ತಿಳಿದು ನಡೆದುಕೊಳ್ಳಲಿ.

ಸ್ಲೇಟು ತಳ್ಳಿದ್ದು ಸರಿಯಾಗಿಯೇ ಇದೆ. ಐವತ್ತು ವರ್ಷ ಲೆಕ್ಕ ಬರೆದವರನ್ನು ಒಂದನೇ ಕ್ಲಾಸಿಗೆ ಕೂರಿಸಿದರೆ ಯಾರು ಸುಮ್ಮನಿರುತ್ತಾರೆ? ಅ, ಆ ಸಾಲೂ ಬಾಯಿಪಾಠವೇ. ಇಡೀ ವರ್ಣಮಾಲೆ ಒಪ್ಪಿಸಿದವರು ಹೆಂಡತಿಯ ಹೆಸರಿನ ಮೊದಲ ಅಕ್ಷರ ತೋರಿಸಲಾರದೆ ಕೂರುವುದುಂಟು. ಎಡಗೈಯಲ್ಲಿ ಬರೆಸುವುದಾದರೆ ಮನೆಯವರ ಹೆಸರು, ಊರಿನ ಹೆಸರು, ಅವರದೇ ಸಹಿ ಬರೆಸಿ. ದಿನಕ್ಕೆ ಐದೇ ಪದ: ನೋಡಿಕೊಂಡು ಐದು ಸಲ, ಆಮೇಲೆ ಪದ ಮುಚ್ಚಿ ನೆನಪಿನಿಂದ ಒಂದು ಸಲ, ತಪ್ಪಿದರೆ ತೆಗೆದು ತೋರಿಸಿ ಮತ್ತೆ. ಮೊಮ್ಮಗ ಮಾಡಿಸಬಹುದು, ಆದರೆ ಮೇಷ್ಟ್ರ ದನಿಯಲ್ಲಿ ಬೇಡ.

ಇನ್ನು ಚಿತ್ರದ ಕಾರ್ಡು. ಅಂಗಡಿಯ ಕಾರ್ಡುಗಳಲ್ಲಿ ಆ್ಯಪಲ್, ಇಗ್ಲೂ, ಜೀಬ್ರಾ ಇರುತ್ತವೆ. ಇಗ್ಲೂ ಎನ್ನಲು ಬಂದರೂ ಮಾವನವರಿಗೆ ಅದರಿಂದ ಏನು ಕೆಲಸ? ನಿಮ್ಮ ಫೋನಿನಲ್ಲಿ ಅವರದೇ ವಸ್ತುಗಳ ಫೋಟೊ ತೆಗೆಯಿರಿ: ಅವರ ಕಾಫಿ ಲೋಟ, ಕನ್ನಡಕ, ಕಂಬಳಿ, ಟಾರ್ಚು, ಮನೆಯ ನಾಯಿ. ಹಿಂದೆ ಬೇರೆ ಸಾಮಾನು ಕಾಣದ ಹಾಗೆ, ಒಂದು ಫೋಟೊದಲ್ಲಿ ಒಂದೇ ವಸ್ತು. ಪೇಟೆಗೆ ಹೋದಾಗ ಪೋಸ್ಟ್‌ಕಾರ್ಡ್ ಅಳತೆಗೆ ಪ್ರಿಂಟ್ ಹಾಕಿಸಿ, ಕೆಳಗೆ ದಪ್ಪ ಅಕ್ಷರದಲ್ಲಿ ಪದ ಬರೆದು ಲ್ಯಾಮಿನೇಟ್ ಮಾಡಿಸಿ. ಮಳೆಗಾಲದ ಥಂಡಿಗೆ ಬರಿ ಕಾಗದ ತಿಂಗಳೂ ಬಾಳುವುದಿಲ್ಲ. ಹನ್ನೆರಡು ಪದಗಳಿಂದ ಶುರು ಮಾಡಿ: ನಾಲ್ಕು ಜನ, ನಾಲ್ಕು ವಸ್ತು, ಉಳಿದ ನಾಲ್ಕು ‘ಬೇಕು, ಬೇಡ, ಸಾಕು, ನೋವು’. ಕೊನೆಯ ಈ ನಾಲ್ಕನ್ನು ಬೇಕೆಂದೇ ಹೇಳುತ್ತಿದ್ದೇನೆ. ಕನ್ನಡದ ಕ್ರಿಯಾಪದ ‘ಬಂದೆ, ಬಂದಳು, ಬಂದರು’ ಎಂದು ಬಾಲ ಬದಲಿಸುತ್ತಾ ಹೋಗುತ್ತದೆ, ಈ ಬಗೆಯ ಅಫೇಸಿಯಾದಲ್ಲಿ ಮೊದಲು ಉದುರುವುದು ಆ ಬಾಲಗಳು. ‘ಬೇಕು, ಬೇಡ, ಸಾಕು’ ಯಾರು ಯಾರಿಗೆ ಹೇಳಿದರೂ ಬದಲಾಗುವುದಿಲ್ಲ. ‘ನೋವು’ ಹೇಳಲು ಕ್ರಿಯಾಪದವೇ ಬೇಡ.

ಪದ ಹೇಳಿಸುವಾಗ ಹಂತ ತಪ್ಪಿಸಬೇಡಿ. ಲೋಟ ಮುಂದಿಟ್ಟು ಮನಸ್ಸಿನಲ್ಲೇ ಹತ್ತು ಎಣಿಸುತ್ತಾ ಸುಮ್ಮನಿರಿ, ಮನೆಯವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಈ ಸುಮ್ಮನಿರುವುದೇ. ಬರಲಿಲ್ಲವೆಂದರೆ ಸುಳುಹು: ‘ಬೆಳಿಗ್ಗೆ ಎದ್ದ ಕೂಡಲೇ ಕುಡಿಯುವುದು.’ ಆಮೇಲೆ ಅರ್ಧ ವಾಕ್ಯ: ‘ಒಂದು ಲೋಟ ಬಿಸಿ ಬಿಸಿ...’ ಆಮೇಲೆ ಮೊದಲ ಅಕ್ಷರ: ‘ಕಾ...’ ಕೊನೆಗೆ ನೀವೇ ‘ಕಾಫಿ’ ಎಂದು ಹೇಳಿ ಜೊತೆಯಲ್ಲಿ ಹೇಳಿಸಿ, ತಕ್ಷಣ ಕಾಫಿ ಕೊಡಿ. ಮೊದಲೇ ‘ಕಾ...’ ಎಂದು ಎತ್ತಿಕೊಟ್ಟರೆ ಅವರು ಹುಡುಕುವುದನ್ನೇ ಬಿಡುತ್ತಾರೆ. ಇನ್ನೊಂದು ತಪ್ಪು, ನೆಂಟರು ಬಂದಾಗ ‘ಇದೇನು ಹೇಳಿ, ಇವಳ್ಯಾರು ಹೇಳಿ’ ಎಂದು ಪರೀಕ್ಷೆ ಇಡುವುದು. ಎದುರಿಗೆ ಜನರಿದ್ದರೆ ಬರುತ್ತಿದ್ದ ಪದವೂ ಒಳಕ್ಕೆ ಹೋಗುತ್ತದೆ.

ಅತ್ತೆಯವರ ಕೆಲಸ ಇಲ್ಲಿಂದ. ಸಂಜೆ ದೀಪ ಹಚ್ಚಿದ ಮೇಲೆ ಇಬ್ಬರೂ ಕೂತು ಅತ್ತೆ ಅರ್ಧ ಹೇಳಿ ನಿಲ್ಲಿಸಬೇಕು, ಮಾವ ಮುಗಿಸಬೇಕು. ಮೊದಲು ಜೋಡುಪದ: ಎಲೆ... ಅಡಿಕೆ. ಉಪ್ಪು... ಖಾರ. ಹಾಲು... ಮೊಸರು. ಆಮೇಲೆ ಗಾದೆ: ‘ಕೈ ಕೆಸರಾದರೆ...’ ಇವು ಸುಲಭವಾಗಿ ಬರತೊಡಗಿದ ಮೇಲೆ ಒಂದೊಂದು ಪದವನ್ನು ಸರಪಳಿಯಿಂದ ಬಿಡಿಸಬೇಕು. ‘ಎಲೆ ಅಡಿಕೆ’ ಎಂದು ಹೇಳಿಸಿದ ಬೆನ್ನಿಗೇ ಅಡಿಕೆ ಕೈಯಲ್ಲಿಟ್ಟು ‘ಇದು?’ ಎಂದು ಕೇಳುವುದು. ಬಿಡಿಸುವ ಈ ಹೆಜ್ಜೆ ಇಲ್ಲದಿದ್ದರೆ ವರ್ಷವಿಡೀ ಗಾದೆ ಹೇಳಿಸಿದರೂ ಗಾದೆಯಷ್ಟೇ ಬರುತ್ತದೆ.

ಹಾಡಿನ ದಾರಿಯನ್ನು ಚಿಕಿತ್ಸೆಯಾಗಿ ಬಳಸುವ ಪದ್ಧತಿಯೂ ಇದೆ, 1973ರಲ್ಲಿ ಬೋಸ್ಟನ್ನಿನ ತಜ್ಞರು ಪ್ರಕಟಿಸಿದ್ದು. ಅದರ ಮನೆಮಟ್ಟದ ರೂಪ ಹೀಗೆ: ‘ನೀರು ಬೇಕು’ ಎಂಬುದನ್ನು ಎರಡೇ ಸ್ವರದಲ್ಲಿ ಎಳೆಯಿರಿ, ‘ನೀ’ ಮೇಲೆ, ‘ರು’ ಕೆಳಗೆ, ‘ಬೇ’ ಮೇಲೆ, ‘ಕು’ ಕೆಳಗೆ. ಅವರ ಎಡಗೈ ಹಿಡಿದು ಒಂದೊಂದು ಅಕ್ಷರಕ್ಕೆ ಒಂದೊಂದು ಸಲ ಮೇಜು ತಟ್ಟಿಸಿ. ಮೊದಲು ಬಾಯಿಮುಚ್ಚಿ ರಾಗ ಮಾತ್ರ, ನಂತರ ಇಬ್ಬರೂ ಒಟ್ಟಿಗೆ, ನಂತರ ಅರ್ಧದಲ್ಲಿ ನೀವು ನಿಲ್ಲಿಸಿ ಅವರು ಮುಗಿಸುವುದು, ನಂತರ ನೀವು ಹೇಳಿದ ಮೇಲೆ ಅವರೊಬ್ಬರೇ, ಕಡೆಗೆ ‘ಏನು ಬೇಕು?’ ಎಂಬ ಪ್ರಶ್ನೆಗೆ ಉತ್ತರವಾಗಿ. ಒಂದು ಹಂತದಲ್ಲಿ ಎರಡು ಸಲ ತಪ್ಪಿದರೆ ಹಿಂದಿನ ಹಂತಕ್ಕೆ ಇಳಿಯಿರಿ. ಸಿನಿಮಾ ಹಾಡಿನ ಧಾಟಿಗೆ ಕೂರಿಸಬೇಡಿ, ಪದ ಧಾಟಿಗೆ ಅಂಟಿಕೊಂಡುಬಿಡುತ್ತದೆ. ಮಾತಿನ ಏರಿಳಿತವನ್ನೇ ಸ್ವಲ್ಪ ಹಿಗ್ಗಿಸಿದಷ್ಟು ಸಾಕು. ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ: ಹೀಗೆ ಕಲಿತ ಆರೇಳು ವಾಕ್ಯಗಳು ಬರುತ್ತವೆ, ಅದರಿಂದ ಉಳಿದ ಮಾತೆಲ್ಲ ತಾನಾಗಿ ತೆರೆದುಕೊಳ್ಳುತ್ತದೆ ಎಂಬ ಭರವಸೆ ಇಲ್ಲ. ಆದ್ದರಿಂದ ದಿನಬಳಕೆಗೆ ಬರುವ ವಾಕ್ಯಗಳನ್ನೇ ಆರಿಸಿ.

ಹೌದು-ಇಲ್ಲಗಳ ಗೊಂದಲವೂ ನಿಮ್ಮಲ್ಲಿ ಇದ್ದೇ ಇರುತ್ತದೆ. ‘ಹೂಂ’, ‘ಉಹೂಂ’ ಕೇಳುವುದಕ್ಕೆ ಅಣ್ಣತಮ್ಮಂದಿರು, ನಮ್ಮ ತಲೆಯಾಡಿಸುವ ಪರಿಯಂತೂ ದೇವರಿಗೇ ಪ್ರೀತಿ. ಹೆಬ್ಬೆರಳು ಮೇಲೆ ಎಂದರೆ ಹೌದು, ಅಂಗೈ ಅಡ್ಡ ಬೀಸಿದರೆ ಇಲ್ಲ, ಎಂದು ಒಂದೇ ಗುರುತು ನಿಗದಿ ಮಾಡಿ ಮನೆಯವರೆಲ್ಲ ಅದನ್ನೇ ಬಳಸಿ. ‘ಕಾಫಿ ಬೇಕಾ, ಟೀ ಬೇಕಾ, ಇಲ್ಲ ಸ್ವಲ್ಪ ಹೊತ್ತು ಬಿಟ್ಟು ಕೊಡಲಾ’ ಎಂದು ಮೂರನ್ನು ಒಟ್ಟಿಗೆ ಕೇಳಬೇಡಿ, ಒಂದು ಕೇಳಿ ನಿಲ್ಲಿ.

ಈಗ ಕೈ. ಚೆಂಡು ಒತ್ತಿದ್ದರಿಂದಲೇ ಕೈ ಬಿಗಿಯಾಯಿತು ಎನ್ನಲಾರೆ, ಆದರೆ ಅದು ಅವರಿಗೆ ಬೇಡದ ಅಭ್ಯಾಸ. ಸ್ಟ್ರೋಕ್ ನಂತರ ಬೆರಳು ಮಡಿಸುವ ಸ್ನಾಯುಗಳು ಬೇಗ ಎದ್ದು ಬಿಗಿಯುತ್ತವೆ, ಬಿಡಿಸುವವು ಹಿಂದೆ ಬೀಳುತ್ತವೆ. ಮುಷ್ಟಿ ಕಟ್ಟಲು ಅವರಿಗೆ ಬರುತ್ತಿದೆ, ಹಿಡಿದದ್ದನ್ನು ಬಿಡಲು ಬರುತ್ತಿಲ್ಲ. ಅಭ್ಯಾಸ ಬಿಡುವುದಕ್ಕೆ ಬೇಕು.

ಮೊದಲು ಒಂದು ಪರೀಕ್ಷೆ. ಮುಂಗೈ ಮೇಜಿನ ಮೇಲೆ, ಅಂಗೈ ಕೆಳಮುಖವಾಗಿ ಮೇಜಿನ ಅಂಚಿನಿಂದ ಇಳಿಬಿದ್ದಿರಲಿ. ಮಣಿಕಟ್ಟನ್ನು ತಾವೇ ಒಂದಿಷ್ಟು ಮೇಲೆತ್ತಿ, ಬೆರಳುಗಳನ್ನು ಸ್ವಲ್ಪವಾದರೂ ಬಿಡಿಸಬಲ್ಲರೇ? ಥೆರಪಿಸ್ಟರ ಲೆಕ್ಕದಲ್ಲಿ ಮಣಿಕಟ್ಟಿಗೆ 20 ಡಿಗ್ರಿ, ಬೆರಳಿಗೆ 10 ಡಿಗ್ರಿ. ಅಷ್ಟಿದ್ದರೆ, ಸರಿಯಿರುವ ಎಡಗೈಗೆ ದಿನದ ಕೆಲವು ಗಂಟೆ ಗವಸು ತೊಡಿಸಿ ಬಲಗೈಯಲ್ಲೇ ಕೆಲಸ ಮಾಡಿಸುವ ಚಿಕಿತ್ಸೆ ಅವರಿಗೆ ಆಗಬಹುದೇ ಎಂದು ಕೇಳಿ. ಅಷ್ಟಿಲ್ಲದೆ ಎಡಗೈ ಕಟ್ಟಿದರೆ ಎರಡೂ ಕೈ ಇಲ್ಲದಂತಾಗಿ ಸಿಟ್ಟು ಬರುತ್ತದೆಯಷ್ಟೆ. ಕೋಲು ಹಿಡಿದು ನಡೆಯುವಾಗಲಂತೂ ಎಡಗೈ ಕಟ್ಟಲೇಬೇಡಿ, ಬೀಳುತ್ತಾರೆ.

ಬೆರಳು ಇನ್ನೂ ಬಿಡಿಸಲಾಗದಿದ್ದರೆ ಎರಡು ಕೆಲಸದಿಂದ ಶುರು ಮಾಡಿ. ಒಂದು, ನುಣ್ಣನೆ ಮೇಜಿನ ಮೇಲೆ ಮಡಿಸಿದ ಟವೆಲ್, ಅದರ ಮೇಲೆ ಬಲ ಅಂಗೈ, ಅದರ ಮೇಲೆ ಎಡಗೈ. ಮುಂದಕ್ಕೆ ಒಂದು ಅಡಿ ತಳ್ಳಿ ಹಿಂದಕ್ಕೆ ತರುವುದು, 20 ಸಲ, ವಿಶ್ರಾಂತಿ, ಹೀಗೆ ಮೂರು ಸುತ್ತು. ಇಲ್ಲಿ ಎಲ್ಲರೂ ಮಾಡುವ ಮೋಸ, ಮೊಣಕೈ ಚಾಚದೆ ಸೊಂಟದಿಂದ ಬಾಗುವುದು. ಬೆನ್ನು ಕುರ್ಚಿ ಬಿಡಬಾರದು, ಹೆಗಲು ಕಿವಿಯ ಕಡೆ ಏರಬಾರದು. ಎರಡು, ಕನ್ನಡಿ. ಸುಮಾರು ಒಂದು ಅಡಿ ಎತ್ತರ, ಒಂದೂವರೆ ಅಡಿ ಉದ್ದದ ಕನ್ನಡಿಯನ್ನು ಎದೆಯ ನೇರಕ್ಕೆ ಮೇಜಿನ ಮೇಲೆ ನಿಲ್ಲಿಸಿ, ಮುಖ ಎಡಕ್ಕೆ. ಬಲಗೈ ಕನ್ನಡಿಯ ಹಿಂದೆ ಮರೆಯಲ್ಲಿ. ಎಡಗೈಯ ಉಂಗುರ, ವಾಚು ತೆಗೆದು ಕನ್ನಡಿಯೊಳಗೆ ನೋಡುತ್ತಾ ಬೆರಳು ಬಿಡಿಸುವುದು, ಅಂಗೈ ತಿರುಗಿಸುವುದು. ಕಾಣುವುದು ಬಲಗೈ ಆಡಿದ ಹಾಗೆ, ಬಲಗೈಗೂ ಅದನ್ನೇ ಮಾಡಲು ಪ್ರಯತ್ನಿಸಲು ಹೇಳಿ. 15 ನಿಮಿಷದಂತೆ ದಿನಕ್ಕೆ ಎರಡು ಸಲ, ವಾರಕ್ಕೆ ಐದು ದಿನ, ಕನಿಷ್ಠ ನಾಲ್ಕು ವಾರ. ಇದು ಮಾಟದಂತೆ ಕಂಡರೂ ಪರೀಕ್ಷೆಗೆ ಒಳಪಟ್ಟು ಉಪಯೋಗ ತೋರಿದ ಕ್ರಮ. ಅವರ ನೋಟ ಕನ್ನಡಿ ಬಿಟ್ಟು ನೇರವಾಗಿ ಎಡಗೈ ಮೇಲೆ ಹೋದರೆ ಪ್ರಯೋಜನವಿಲ್ಲ, ಪಕ್ಕದಲ್ಲಿ ಒಬ್ಬರು ಕೂತು ಗಮನಿಸಬೇಕು.

ಬೆರಳು ಸ್ವಲ್ಪ ತೆರೆಯತೊಡಗಿದ ಮೇಲೆ ಅಂಗಡಿಯ ಸಾಮಾನಿಗಿಂತ ನಿಮ್ಮ ಉಗ್ರಾಣ ಚೆನ್ನ. ಹಳೆಯ ದಪ್ಪ ಟಾರ್ಚ್ ಸೆಲ್ ಹಿಡಿದು ಡಬ್ಬಿಗೆ ಬಿಡುವುದು, ಆಮೇಲೆ ಸಿಪ್ಪೆ ಸಹಿತ ಒಣಗಿದ ಅಡಿಕೆ, ಆಮೇಲೆ ಸುಲಿದ ಅಡಿಕೆ, ಆಮೇಲೆ ಕಾಫಿ ಬೀಜ, ಎಲ್ಲಕ್ಕಿಂತ ಕೊನೆಗೆ ಕಾಳುಮೆಣಸು. ಡಬ್ಬಿ ಮೊದಲು ಹತ್ತಿರ, ದಿನಕಳೆದಂತೆ ದೂರ, ನಂತರ ಎತ್ತರ. ಕಾಫಿ ಬೀಜದ ಹಂತಕ್ಕೆ ಬಂದವರಿಗೆ ತಟ್ಟೆಯಲ್ಲಿ ಬೀಜ ಹರಡಿ ದುಂಡನೆಯ ಪೀಬೆರಿ (ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ಬೀಜ) ಆರಿಸಲು ಹೇಳಿದರೆ ಹೊತ್ತು ಹೋಗುವುದು ತಿಳಿಯುವುದಿಲ್ಲ, ಕಣ್ಣಿಗೂ ಕೈಗೂ ಒಟ್ಟಿಗೆ ಕೆಲಸ. ಹತ್ತು ಸಲ ಮಾಡಿ ಏಳುವುದು ಅಭ್ಯಾಸವಲ್ಲ. ದಿನಕ್ಕೆ ನೂರರ ಲೆಕ್ಕದಲ್ಲಿ ಆಗಬೇಕು, ಹಾಗಾಗಿಯೇ ಬೇಸರ ಬರದ ಕೆಲಸ ಹುಡುಕಬೇಕು. ಹತ್ತರಲ್ಲಿ ಹತ್ತೂ ಸಲೀಸಾಗಿ ಆದರೆ ಕಷ್ಟ ಹೆಚ್ಚಿಸಿ. ಅರ್ಧಕ್ಕಿಂತ ಹೆಚ್ಚು ತಪ್ಪಿದರೆ ಒಂದು ಹಂತ ಇಳಿಸಿ.

ಊಟವನ್ನೂ ಬಳಸಿಕೊಳ್ಳಿ. ಎಡಗೈಯಲ್ಲಿ ಉಣ್ಣಲು ನಾಚಿ ಎಷ್ಟೋ ಹಿರಿಯರು ಹೆಂಡತಿಯ ಕೈತುತ್ತಿಗೆ ಒಗ್ಗಿಬಿಡುತ್ತಾರೆ. ಬಲಗೈ ಬೆರಳಿನಿಂದ ಅನ್ನ ಕಲಸುವುದೇ ಒಳ್ಳೆಯ ವ್ಯಾಯಾಮ: ಹರಡು, ಸೇರಿಸು, ಒತ್ತು, ಬಿಡು. ಮೊದಲ ನಾಲ್ಕು ತುತ್ತು ಅವರೇ, ಎಡಗೈ ಬಲ ಮೊಣಕೈಗೆ ಆಸರೆ ಕೊಡಲಿ, ಉಳಿದದ್ದು ಚಮಚದಲ್ಲಿ. ಚಮಚದ ಹಿಡಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಮೂರು ಸೆಂ.ಮೀ. ದಪ್ಪ ಮಾಡಿ. ತಟ್ಟೆ ಅಂಚಿರುವುದು, ಅಡಿಗೆ ಒದ್ದೆ ಬಟ್ಟೆ, ಜಾರುವುದಿಲ್ಲ. ಬಲಗೈಗೆ ಬಿಸಿ ತಿಳಿಯದೇ ಇರಬಹುದು. ಅನ್ನವಾಗಲಿ, ಹಂಡೆಯ ನೀರಾಗಲಿ ಎಡಗೈಯಿಂದ ಮುಟ್ಟಿ ನೋಡಿದ ಮೇಲೆಯೇ. ಚಳಿಗೆ ಒಲೆಯ ಮುಂದೆ ಕೂತಾಗ ಬಲಗೈ ಎಲ್ಲಿದೆ ಎಂದು ಒಬ್ಬರು ನೋಡುತ್ತಿರಿ.

ಹೆಗಲಿನ ಬಗ್ಗೆ ಎಚ್ಚರ. ಬಿದ್ದ ಕೈಯ ಹೆಗಲಿನ ಕೀಲು ಸಡಿಲವಾಗಿರುತ್ತದೆ. ಕಂಕುಳಿಗೆ ಕೈ ಹಾಕಿ ಎತ್ತುವುದು, ಬಲಗೈ ಹಿಡಿದು ಎಳೆದು ಎಬ್ಬಿಸುವುದು, ತೊಲೆಗೆ ಹಗ್ಗ ಮತ್ತು ರಾಟೆ ಕಟ್ಟಿ ಕೈ ಮೇಲಕ್ಕೆ ಎಳೆಯಿಸುವುದು ಮೂರೂ ನಿಲ್ಲಲಿ. ರಾಟೆಯನ್ನು ಕಟ್ಟಿಕೊಡುವ ಉತ್ಸಾಹಿಗಳು ಎಲ್ಲ ಊರಲ್ಲೂ ಇರುತ್ತಾರೆ, ಅದು ಹೆಗಲು ನೋವಿಗೆ ನೇರ ದಾರಿ. ಕೂತಾಗ ಕೈ ಕೆಳಗೆ ದಿಂಬು, ಎಬ್ಬಿಸುವಾಗ ಸೊಂಟದ ಹಿಡಿತ. ಎಣ್ಣೆ ಹಚ್ಚುವುದು ಬೇಕಾದರೆ ಹಚ್ಚಿ, ಹಚ್ಚಿದ ಮೇಲೆ ಬೆರಳನ್ನು ಬಲವಂತವಾಗಿ ಎಳೆದು ಬಿಡಿಸಬೇಡಿ. ಕೈ ಊದಿ, ಕೆಂಪಾಗಿ, ಮುಟ್ಟಿದರೆ ಉರಿ ಎಂದರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಬಿಗಿತ ತೀರಾ ಹೆಚ್ಚಿದ್ದರೆ ಅದಕ್ಕೆ ಮಾತ್ರೆ, ಬೊಟುಲಿನಮ್ ಇಂಜೆಕ್ಷನ್ ಇವೆ. ಇಂಜೆಕ್ಷನ್ ಕೆಲಸ ಮಾಡುವುದು ಕೆಲವು ತಿಂಗಳು, ಆ ಹೊತ್ತಿನಲ್ಲಿ ಅಭ್ಯಾಸ ಮಾಡಿದರೆ ಮಾತ್ರ ಖರ್ಚಿಗೆ ಅರ್ಥ.

ಆರು ತಿಂಗಳ ಮಾತು ಅರ್ಧ ನಿಜ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ, ಆದರೆ ಬಾಗಿಲೇನೂ ಮುಚ್ಚುವುದಿಲ್ಲ. 2017ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ಅಫೇಸಿಯಾ ಆರು ತಿಂಗಳು ದಾಟಿದವರನ್ನೇ ತೆಗೆದುಕೊಂಡು ವಾರಕ್ಕೆ 10 ಗಂಟೆ ಅಥವಾ ಹೆಚ್ಚು, ಕನಿಷ್ಠ ಮೂರು ವಾರ ಚಿಕಿತ್ಸೆ ಕೊಟ್ಟರು, ದಿನಬಳಕೆಯ ಮಾತು ಸುಧಾರಿಸಿತು. ಗಮನಿಸಬೇಕಾದದ್ದು ಆ 10 ಗಂಟೆ. ತಿಂಗಳಿಗೆ ಎರಡು ಸಲ ಹಾಸನ ಎಂದರೆ ತಿಂಗಳಿಗೆ ಎರಡು ಗಂಟೆಯೂ ಆಗುವುದಿಲ್ಲ. ಆ ಭೇಟಿಗಳನ್ನು ಅಭ್ಯಾಸಕ್ಕಲ್ಲ, ತಿದ್ದಿಸಿಕೊಳ್ಳುವುದಕ್ಕೆ ಬಳಸಿ. ಮನೆಯಲ್ಲಿ ಮಾಡಿಸುವುದನ್ನು ಮೂರು ನಿಮಿಷದ ವಿಡಿಯೊ ತೆಗೆದುಕೊಂಡು ಹೋಗಿ ‘ಎಲ್ಲಿ ತಪ್ಪುತ್ತಿದ್ದೇವೆ’ ಎಂದು ಕೇಳಿ. ಮನೆಯಲ್ಲಿ ಬೆಳಿಗ್ಗೆ 20 ನಿಮಿಷ ಮಾತು, 20 ನಿಮಿಷ ಕೈ, ಸಂಜೆ ಮತ್ತೆ ಅಷ್ಟೇ. ಸ್ಟ್ರೋಕ್ ನಂತರದ ಆಯಾಸ ದೊಡ್ಡದು, ಅವರು ಮುಖ ತಿರುಗಿಸಿದರೆ ಸೋಮಾರಿತನ ಎನ್ನಬೇಡಿ. ಕಾರಣವಿಲ್ಲದೆ ಅಳು, ಊಟ ಬೇಡ, ರಾತ್ರಿ ನಿದ್ದೆ ಇಲ್ಲ ಎಂಬುದು ಎರಡು ವಾರ ಮೀರಿದರೆ ವೈದ್ಯರಿಗೆ ಹೇಳಿ, ಖಿನ್ನತೆಗೆ ಔಷಧ ಇದೆ, ಅದು ಕಡಿಮೆಯಾದರೆ ಅಭ್ಯಾಸಕ್ಕೂ ಮನಸ್ಸು ಬರುತ್ತದೆ.

ಮಾತಿನ ವಿವರವಾದ ಪರೀಕ್ಷೆ ಒಮ್ಮೆಯಾದರೂ ಆಗಲಿ ಎನ್ನಿಸಿದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಕನ್ನಡದಲ್ಲೇ ಪರೀಕ್ಷೆ ಮಾಡುತ್ತಾರೆ, ವಿಡಿಯೊ ಮೂಲಕ ಥೆರಪಿ ಸಾಧ್ಯವೇ ಎಂದೂ ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾತು ಮತ್ತು ಭಾಷೆಯ ನ್ಯೂನತೆಯೂ ಒಂದು, ಅಫೇಸಿಯಾ ಎಂದು ಹೆಸರಿಸಿಯೇ ಸೇರಿಸಿದ್ದಾರೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಕೈಕಾಲಿನದು ಮಾತ್ರವಲ್ಲ, ಮಾತಿನದನ್ನೂ ನಮೂದಿಸಿ ಎಂದು ಕೇಳಿ. ಮುಖ ಮತ್ತೆ ಸೊಟ್ಟಗಾದರೆ, ಇದ್ದ ಬಲ ಹಠಾತ್ತನೆ ಇಳಿದರೆ, ಬರುತ್ತಿದ್ದ ನಾಲ್ಕು ಪದವೂ ನಿಂತರೆ ಮರುದಿನದವರೆಗೆ ಕಾಯದೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಹೊತ್ತು ನಾಲ್ಕೂವರೆ ಗಂಟೆ, ಅದರಲ್ಲಿ ಘಟ್ಟದ ರಸ್ತೆಯ ಸಮಯವೂ ಸೇರಿದೆ.

ಕಿಟ್ ಕೊಳ್ಳಬೇಡಿ. ದುಡ್ಡು ಖರ್ಚು ಮಾಡುವುದಾದರೆ ಕನ್ನಡಿ, ಲ್ಯಾಮಿನೇಷನ್, ಸರಿಯಾದ ಅಳತೆಯ ಸಿರಿಂಜ್ ಇಷ್ಟಕ್ಕೆ ಮಾಡಿ. ತೋಟದ ಮನೆಯಾದ್ದರಿಂದ ನಿಮ್ಮಲ್ಲಿ ಮಳೆ ಅಳೆಯುವ ಜಾಡಿ, ಮಳೆ ಬರೆಯುವ ಪುಸ್ತಕ ಇರಬೇಕು. ಅದನ್ನು ಮಾವನವರಿಗೇ ವಾಪಸ್ ಕೊಡಿ. ಅಂಗಳ ಜಾರುವುದರಿಂದ ಜಾಡಿಯನ್ನು ನೀವೇ ಜಗುಲಿಗೆ ತಂದಿಡಿ. ಬಲಗೈಯಿಂದ ಅಳತೆ ಗ್ಲಾಸು ಹಿಡಿದುಕೊಳ್ಳುವುದು, ಎಡಗೈಯಿಂದ ಸುರಿಯುವುದು, ಗೆರೆ ಓದುವುದು, ಇಂಚು, ಸೆಂಟು (ಇಂಚಿನ ನೂರನೇ ಭಾಗ) ಬರೆಯುವುದು, ‘ಎಷ್ಟಾಯ್ತು ಮಾವ?’ ಎಂದರೆ ಹೇಳುವುದು. ಗಾಜಿನದಾದರೆ ಮೊದಲ ತಿಂಗಳು ಪ್ಲಾಸ್ಟಿಕ್ಕಿನದು ಇಟ್ಟುಕೊಳ್ಳಿ. ‘ಮೂರು’ ಎನ್ನಲು ಒಂದು, ಎರಡು, ಮೂರು ಎಂದು ಮೊದಲಿನಿಂದ ಹತ್ತಿ ಬಂದು ನಿಲ್ಲುತ್ತಾರೆ, ಹತ್ತಲು ಬಿಡಿ, ನಿಂತದ್ದೇ ಅಭ್ಯಾಸ. ಬಾಯಲ್ಲಿ ‘ಐದು’ ಎಂದು ಪುಸ್ತಕದಲ್ಲಿ ಎರಡು ಬರೆದರೆ ತಪ್ಪೆಂದು ಅಳಿಸಬೇಡಿ. ಜಾಡಿ ನೋಡಿ, ಬಹಳ ಸಲ ಬರೆದದ್ದೇ ಸರಿಯಿರುತ್ತದೆ.